ರಬ್ಬರ್ ಕಂಡರೆ ಆಗದ ಟೀಚರ್

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎಂಬ ನಿಯಮವನ್ನು ನಮ್ಮ ಊರಿನವರು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆಂದರೆ, ಮನುಷ್ಯ ಯಾವುದರಿಂದ ಸತ್ತ ಎನ್ನುವುದನ್ನೂ ಬಾಯಿ ಬಿಡುವುದಿಲ್ಲ. ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಟೀಚರ್ ಈ ವರ್ಷ ತೀರಿಕೊಂಡರು. ಮಣ್ಣು ಮಾಡುವ ದಿನ ಅವರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕೊನೆಯ ಬೆಂಚಿನಲ್ಲಿ ಕೂತು ನಾನೂ ಮಾತುಗಳನ್ನು ಕೇಳಿದೆ. ಶಿಸ್ತಿನ ಟೀಚರ್ ಎಂದರು. ದೊಡ್ಡ ವಿಶ್ವಾಸಿ ಎಂದರು. ಕೊನೆಗಾಲದಲ್ಲಿ "ಸ್ವಲ್ಪ ಅಸೌಖ್ಯ" ಇತ್ತು ಎಂದರು. ನಾನು ಕಂಕನಾಡಿಯಲ್ಲಿ ಔಷಧಿ ಅಂಗಡಿ ಇಟ್ಟವನು. ಸ್ವಲ್ಪ ಅಸೌಖ್ಯಕ್ಕೆ ಏನು ಕೊಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿದೆ, ಶೀತದ ಮಾತ್ರೆ ಕೊಡುತ್ತಾರೆ. ಟೀಚರ್‌ಗೆ ಬೇಕಾಗಿದ್ದದ್ದು ಬೇರೆ ಮಾತ್ರೆ. ಅದು ನನ್ನ ಅಂಗಡಿಯ ಎರಡನೆಯ ಕಪಾಟಿನಲ್ಲಿ, ಕೈಗೆ ಸಿಗುವ ಎತ್ತರದಲ್ಲೇ ಇತ್ತು.

ಟೀಚರ್ ಹೆಸರು ಹೇಳುವುದಿಲ್ಲ. ನಮ್ಮ ಕೆಲಸದಲ್ಲಿ ಹೆಸರು ಹೇಳುವ ಚಾಳಿ ಒಳ್ಳೆಯದಲ್ಲ. ಯಾರ ಮನೆಯಲ್ಲಿ ಯಾರಿಗೆ ಎಂತ ಉಂಟು ಎಂದು ನಾನು ಬಾಯಿ ಬಿಟ್ಟರೆ ಈ ಊರಿನ ಅರ್ಧ ಮದುವೆಗಳು ಮುರಿದುಬೀಳುತ್ತವೆ, ಉಳಿದರ್ಧಕ್ಕೆ ಮುರಿಯಲಿಕ್ಕೆ ಕಾರಣ ಸಿಗುತ್ತದೆ.

ಟೀಚರ್‌ಗೆ ರಬ್ಬರ್ ಕಂಡರೆ ಆಗುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸುವ ರಬ್ಬರ್. ಗಣಿತದ ತರಗತಿಯಲ್ಲಿ ಯಾರ ಕೈಯಲ್ಲಿ ಕಂಡರೂ ಕಿತ್ತುಕೊಂಡು ಮೇಜಿನ ಮೇಲಿನ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ವರ್ಷದ ಕೊನೆಯ ದಿನವೇ ವಾಪಸು. "ತಪ್ಪಿದ್ರೆ ಒಂದು ಗೆರೆ ಎಳಿ, ಕೆಳಗೆ ಸರಿ ಮಾಡಿ ಬರಿ," ಎನ್ನುತ್ತಿದ್ದರು. "ಎಲ್ಲಿ ತಪ್ಪಿದೆ ಅಂತ ನನಗೂ ಕಾಣ್ಬೇಕು, ನಿನಗೂ ಕಾಣ್ಬೇಕು." ನನ್ನ ಮಾವ ದುಬೈಯಿಂದ ಮಾವಿನಹಣ್ಣಿನ ಆಕಾರದ, ಪರಿಮಳದ ರಬ್ಬರ್ ತಂದಿದ್ದರು. ಅದನ್ನು ಬಳಸಲಿಕ್ಕೂ ಮನಸ್ಸಿಲ್ಲದೆ ಮೂಸುತ್ತಾ ಕೂತಿದ್ದೆ. ಟೀಚರ್ ಬಂದು ಅವರೂ ಒಮ್ಮೆ ಮೂಸಿ ನೋಡಿ, "ಪರಿಮಳ ಒಳ್ಳೆದುಂಟು. ಆದರೆ ದುಬೈಯಿಂದ ಬಂದದ್ದಾದ್ರೂ ತಪ್ಪು ಅಡಗಿಸ್ಲಿಕ್ಕೇ ಅಲ್ವಾ ಇರುದು?" ಎಂದು ಡಬ್ಬಿಗೆ ಹಾಕಿದರು.

ಈ ನಿಯಮ ಅವರಿಗೂ ಅನ್ವಯಿಸುತ್ತಿತ್ತು. ಹಿಂದಿನ ದಿನ ತಪ್ಪು ಲೆಕ್ಕ ಮಾಡಿಸಿದ್ದು ನೆನಪಾದರೆ, ಮರುದಿನ ಬಂದು ಅದೇ ಲೆಕ್ಕವನ್ನು ಬೋರ್ಡಿನಲ್ಲಿ ಬರೆದು, ನಮ್ಮೆದುರೇ ಅದರ ಮೇಲೆ ಗೆರೆ ಎಳೆಯುತ್ತಿದ್ದರು. ಸುಳ್ಳು ಎಂಬುದು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ. ಇದು ಸದ್ಗುಣ ಎಂದು ದೂರದಲ್ಲಿರುವವರು ಹೇಳುತ್ತಾರೆ. ಜೊತೆಯಲ್ಲಿ ಬಾಳಿದ ಅವರ ತಂಗಿಯನ್ನು ಕೇಳಬೇಕು. ತಂಗಿ ಮಸ್ಕತ್‌ನಲ್ಲಿ ನರ್ಸ್ ಆಗಿದ್ದವರು, ಮದುವೆ ಆಗದವರು, ನಿವೃತ್ತರಾಗಿ ಬಂದು ಬಿಜೈಯ ಫ್ಲಾಟಿನಲ್ಲಿ ಅಕ್ಕನ ಜೊತೆ ಇದ್ದರು. ಒಮ್ಮೆ ಇನ್ಶೂರೆನ್ಸಿನವನೊಬ್ಬ ಬಾಗಿಲು ತಟ್ಟಿದಾಗ ತಂಗಿ ಒಳಗಿನಿಂದ, ನಾನಿಲ್ಲ ಅಂತ ಹೇಳು ಎಂದರಂತೆ. ಟೀಚರ್ ಬಾಗಿಲು ತೆರೆದು, "ಒಳಗಿದ್ದಾಳೆ. ಆದರೆ ಇಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾಳೆ," ಎಂದರು. ಆ ಮನುಷ್ಯ ಮತ್ತೆ ಆ ಕಟ್ಟಡದ ಮೆಟ್ಟಿಲು ಹತ್ತಲಿಲ್ಲ.

ನಾವು ಹತ್ತನೆಯಲ್ಲಿದ್ದಾಗ, ವರ್ಷದ ಮಧ್ಯದಲ್ಲಿ ಒಂದು ದಿನ, ಟೀಚರ್ ಬಿಸ್ಕತ್ತಿನ ಡಬ್ಬಿ ತೆರೆದು ರಬ್ಬರುಗಳನ್ನೆಲ್ಲ ವಾಪಸು ಹಂಚತೊಡಗಿದರು. ಕಣ್ಣು ಹೊಳೆಯುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ದೇವರು ಬೆಳಿಗ್ಗೆ ತನ್ನ ಹತ್ತಿರ ಮಾತಾಡಿದ್ದಾರೆ, ಎಲ್ಲವನ್ನೂ ಅಳಿಸಬಹುದು ಎಂದಿದ್ದಾರೆ, ಯಾರ ತಪ್ಪೂ ಉಳಿಯುವುದಿಲ್ಲ ಎಂದರು. ಬೋರ್ಡು ತುಂಬಿದ ಮೇಲೆ ಗೋಡೆಯಲ್ಲಿ ಬರೆದರು. ನಮಗೆ ಹಬ್ಬವಾಯಿತು. ನನ್ನ ಮಾವಿನಹಣ್ಣೂ ಸಿಕ್ಕಿತು. ಮರುದಿನದಿಂದ ಟೀಚರ್ ಬರಲಿಲ್ಲ. ಹೆಡ್‌ಮಿಸ್ಟ್ರೆಸ್ ಅಸೆಂಬ್ಲಿಯಲ್ಲಿ "ಸ್ವಲ್ಪ ಅಸೌಖ್ಯ" ಎಂದರು. ಆ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಅವರು ತಿರುಗಿ ಬಂದಾಗ ಎಷ್ಟೋ ತಿಂಗಳು ಕಳೆದಿತ್ತು. ಆಗ ಮಾತೇ ಇರಲಿಲ್ಲ, ಸೀಮೆಸುಣ್ಣ ಎತ್ತಲಿಕ್ಕೂ ಕೈಗೆ ಭಾರವಾಗುತ್ತಿದ್ದ ಹಾಗಿತ್ತು.

ಹೀಗೆ ಏರುವುದು, ಇಳಿಯುವುದು ಅವರ ಬದುಕಿನುದ್ದಕ್ಕೂ ನಡೆಯಿತು. ಚಿಕಿತ್ಸೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಧಾರಾಳ ಆಯಿತು. ಈ ವಿಷಯದಲ್ಲಿ ನಮ್ಮ ಊರಿನ ಸೌಹಾರ್ದ ನೋಡಬೇಕು. ಬೇರೆ ಎಲ್ಲದಕ್ಕೂ ಜಗಳ ಆಡುವ ನಾವು, ತಲೆಯ ಕಾಯಿಲೆಯೊಂದರಲ್ಲಿ ಒಂದೇ ತಾಯಿಯ ಮಕ್ಕಳು. ಟೀಚರ್‌ನ ಅಣ್ಣ ಅವರನ್ನು ಮೊದಲು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆಗದಿದ್ದಾಗ ಒಬ್ಬ ಜೋಯಿಸರಲ್ಲಿ ಗುಟ್ಟಾಗಿ ಪ್ರಶ್ನೆ ಇಡಿಸಿದರು. ಅಲ್ಲಿಂದ ಮಂತ್ರಿಸಿದ ನೀರಿಗೆ ಮಸೀದಿಯ ಕಡೆಯ ನಮ್ಮವರ ಹತ್ತಿರ ಬಂದರು. ನಮ್ಮವರೇನು ಕಡಿಮೆಯಲ್ಲ. ನನ್ನ ಉಮ್ಮನ ತಂಗಿಗೆ ಇದೇ ಕಾಯಿಲೆ. ಕೈಗೆ ಕಟ್ಟಿದ ನೂಲು ಹೆಚ್ಚಾಗುತ್ತಾ ಹೋಗಿ ಕೊನೆಗೆ ಬಳೆ ಹಾಕಲಿಕ್ಕೆ ಜಾಗ ಉಳಿದಿರಲಿಲ್ಲ. ಅದೇ ಮನೆಗಳಲ್ಲಿ ಯಾರಿಗಾದರೂ ಎದೆ ನೋವು ಬಂದರೆ ನೂಲು ಕಟ್ಟುವವನ ನೆನಪು ಯಾರಿಗೂ ಆಗುವುದಿಲ್ಲ, ಆಂಬುಲೆನ್ಸಿಗೇ ಫೋನ್ ಹೋಗುತ್ತದೆ. ಹೃದಯದ ಮಟ್ಟಿಗೆ ದೇವರಿಗೆ ಕಷ್ಟ ಕೊಡಬಾರದೆಂಬ ಕಾಳಜಿ ಇರಬೇಕು.

ತಂಗಿ ಮಸ್ಕತ್ತಿನಿಂದ ಬಂದ ಮೇಲೆ ಆಟ ನಿಂತಿತು. ನರ್ಸುಗಳು ಹೆಚ್ಚು ಮಾತಾಡುವವರಲ್ಲ. ಅಕ್ಕನನ್ನು ಆಟೋದಲ್ಲಿ ಕೂರಿಸಿ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಅಣ್ಣ ಮರ್ಯಾದೆ ಹೋಯಿತೆಂದು ಮಾತು ಬಿಟ್ಟರು. ಅದು ಆ ಚಿಕಿತ್ಸೆಯ ಮೊದಲ ಉಪಕಾರ ಎಂದು ತಂಗಿ ನನಗೆ ಹೇಳಿದ್ದುಂಟು. ಡಾಕ್ಟರ್ ಲಿಥಿಯಂ ಬರೆದರು. ಆಮೇಲೆ ವರ್ಷಗಟ್ಟಲೆ ಟೀಚರ್ ಏರಲೂ ಇಲ್ಲ, ಇಳಿಯಲೂ ಇಲ್ಲ. ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೋಗುವುದು, ಮಧ್ಯಾಹ್ನ ಮೀನುಸಾರು, ಸಂಜೆ ಕಟ್ಟಡದ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು. ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬರುವುದು.

ಹಾಗೆ ಬಂದಾಗೊಮ್ಮೆ, ಗಿರಾಕಿಗಳು ಇಲ್ಲದ ಹೊತ್ತು ನೋಡಿ, ಕೌಂಟರಿಗೆ ಒರಗಿಕೊಂಡು ಕೇಳಿದರು, "ಈ ಮಾತ್ರೆ ತಿಂದ ಮೇಲೆ ದೇವರು ಮಾತಾಡುದಿಲ್ಲ ಮಾರಾಯ. ಇದರಲ್ಲಿ ಎಂತ ಉಂಟು?"

"ಉಪ್ಪು, ಟೀಚರ್. ಒಂದು ನಮೂನೆಯ ಉಪ್ಪು."

"ಉಪ್ಪಿಗೆ ದೇವರ ಬಾಯಿ ಮುಚ್ಚಿಸ್ಲಿಕ್ಕೆ ಆಗ್ತದಾ?"

ನಾನು ನಕ್ಕೆ. ಅವರು ನಗಲಿಲ್ಲ. "ಮೊದಲು ನಾನು ಮೊಣಕಾಲೂರಿದರೆ ಸಾಕು, ಆ ಕಡೆಯಿಂದ ಮಾತು ಬರ್ತಿತ್ತು. ಈಗ ಸ್ವಿಚ್ ಆಫ್ ಆದ ನಂಬರಿಗೆ ಫೋನ್ ಮಾಡಿದ ಹಾಗೆ. ದಿನಾ ಮಾಡ್ತೇನೆ. ಅದು ಹೇಗೆ ಅಂತ ನಿನಗೆ ಗೊತ್ತಾಗ್ಲಿಕ್ಕಿಲ್ಲ."

ನನಗೆ ಗೊತ್ತಾಗಲಿಲ್ಲ ನಿಜ. ನಾನು ದಿನಕ್ಕೆ ಐದು ಸಲ ನಮಾಜು ಮಾಡುವವನು, ಆ ಕಡೆಯಿಂದ ಯಾರೂ ಈವರೆಗೆ ತಿರುಗಿ ಮಾತಾಡಿದ್ದಿಲ್ಲ. ಮಾತಾಡಿದ್ದರೆ ಹೆದರಿ ಅಂಗಡಿ ಮುಚ್ಚುತ್ತಿದ್ದೆ. ಆದರೆ ಒಮ್ಮೆ ಕೇಳಿದವರಿಗೆ ಆ ಮೌನ ಎಂಥದ್ದಿರಬಹುದು ಎಂದು ಅವತ್ತು ನನಗೆ ಬೇಜಾರಾಯಿತು. ಅವರು ಸ್ಟ್ರಿಪ್ಪುಗಳನ್ನು ಚೀಲಕ್ಕೆ ಹಾಕಿಕೊಂಡು, ಮೌನವನ್ನೂ ಸಹಿಸಿಕೊಂಡು, ಬಸ್ ಹತ್ತಿ ಹೋದರು. ಹಾಗೇ ನಡೆಯುತ್ತಿತ್ತು. ಇನ್ನೂ ನಡೆಯಬಹುದಿತ್ತು.

ಊರ ಹೊರಗೆ ಒಂದು ಶೆಡ್ಡಿನಲ್ಲಿ ಬ್ರದರ್ ಎಂದು ಕರೆಸಿಕೊಳ್ಳುವ ಒಬ್ಬ ಬೋಧಕರು ಪ್ರಾರ್ಥನಾ ಕೂಟ ನಡೆಸುತ್ತಾರೆ. ಇಗರ್ಜಿಗೂ ಅದಕ್ಕೂ ಸಂಬಂಧವಿಲ್ಲ. ಟೀಚರ್‌ನ ಇಗರ್ಜಿಯ ಫಾದರ್‌ಗಂತೂ ಆ ಶೆಡ್ಡು ಕಂಡರೆ ಆಗುವುದಿಲ್ಲ. ಅಲ್ಲಿ ಪ್ರಾರ್ಥನೆ, ಹಾಡು ಎಲ್ಲ ಆದ ಮೇಲೆ ಸಾಕ್ಷಿ ಹೇಳುವ ಪದ್ಧತಿ ಉಂಟು. ಗುಣವಾದವರು ಮೈಕಿನ ಮುಂದೆ ನಿಂತು ತಮಗೆ ಏನಾಗಿತ್ತು, ಹೇಗೆ ವಾಸಿಯಾಯಿತು ಎಂದು ಹೇಳಬೇಕು. ಜನ ಚಪ್ಪಾಳೆ ತಟ್ಟುತ್ತಾರೆ, ಒಬ್ಬ ಫೋನಿನಲ್ಲಿ ವೀಡಿಯೊ ಮಾಡುತ್ತಾನೆ. ನನ್ನ ಗಿರಾಕಿಯೊಬ್ಬರು, ಕಟ್ಟಡದ ಕಂಟ್ರಾಕ್ಟರು, ಅಲ್ಲಿ ತಮ್ಮ ಸಕ್ಕರೆ ಕಾಯಿಲೆ ಪೂರ್ತಿ ಗುಣವಾದದ್ದಕ್ಕೆ ಸಾಕ್ಷಿ ಹೇಳಿದ್ದಾರೆ. ಹೇಳಿದ್ದು ಆದಿತ್ಯವಾರ. ಸೋಮವಾರ ಬೆಳಿಗ್ಗೆ ಬಂದು ಸಕ್ಕರೆಯ ಮಾತ್ರೆ ತೆಗೆದುಕೊಂಡರು. "ಗುಣ ಆಯ್ತಂತಲ್ಲ?" ಎಂದೆ. "ಗುಣ ಆಗಿದೆ. ಇದು ಸುಮ್ಮನೆ, ಸೇಫ್ಟಿಗೆ," ಎಂದರು. ಅವರ ಬಗ್ಗೆ ನನಗೆ ತುಂಬಾ ಗೌರವ. ಭಕ್ತಿ ಎಂದರೆ ಹಾಗಿರಬೇಕು, ಹೆಲ್ಮೆಟ್ ಹಾಕಿಕೊಂಡು.

ಟೀಚರ್‌ಗೆ ಈ ಉಪಾಯ ತಿಳಿಯಲಿಲ್ಲ. ಯಾರೋ ಪರಿಚಯದವರು ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ಇಷ್ಟು ವರ್ಷದಿಂದ ಆರಾಮ ಇದ್ದೀರಲ್ಲ, ಅದು ಪ್ರಾರ್ಥನೆಯ ಫಲ, ನೀವು ಸಾಕ್ಷಿ ಹೇಳಬೇಕು ಎಂದು ಬ್ರದರ್ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಮೈಕಿನ ಮುಂದೆ ನಿಂತು, ಗುಣವಾಯಿತು ಎಂದು ಹೇಳಿ, ಮನೆಗೆ ಬಂದು ಮಾತ್ರೆ ನುಂಗಿ ಮಲಗುತ್ತಿದ್ದರು. ಟೀಚರ್ ಬಂದದ್ದು ನನ್ನ ಅಂಗಡಿಗೆ.

"ಬಿ.ಪಿ.ದು ಕೊಡು. ಲಿಥಿಯಂ ಬೇಡ."

"ಯಾಕೆ ಟೀಚರ್? ಡಾಕ್ಟರ್ ನಿಲ್ಸಿದ್ರಾ?"

"ಇಲ್ಲ. ಸಾಕ್ಷಿ ಹೇಳ್ಲಿಕ್ಕೆ ಉಂಟು."

ಅವರು ಬೋರ್ಡಿನ ಮುಂದೆ ನಿಂತವರ ಹಾಗೆ ವಿವರಿಸಿದರು. "ನೋಡು, ನಾನು ಮಾತ್ರೆ ತಿಂದುಕೊಂಡು ಗುಣ ಆಯ್ತು ಅಂತ ಹೇಳಿದ್ರೆ ಅದು ಸುಳ್ಳು. ದೇವರ ಎದುರು, ಅಷ್ಟು ಜನರ ಎದುರು ಸುಳ್ಳು. ಮೊದಲು ಮಾತ್ರೆ ಬಿಡಬೇಕು. ಬಿಟ್ಟೂ ಸರಿ ಇದ್ದರೆ ಆಗ ಹೇಳಬಹುದು. ಹೌದಾ, ಅಲ್ವಾ?"

"ಬಿ.ಪಿ.ದು?"

"ಬಿ.ಪಿ. ಬಗ್ಗೆ ನಾನು ಎಂತ ಹೇಳ್ಲಿಕ್ಕಿಲ್ಲ. ಅದು ಕೊಡು."

ಇಡೀ ಶೆಡ್ಡಿನಲ್ಲಿ ಸಾಕ್ಷಿ ನಿಜವಾಗಿರಬೇಕು ಎಂದುಕೊಂಡವರು ಇವರೊಬ್ಬರೇ. ನಾನು ತಂಗಿಗೆ ಫೋನ್ ಮಾಡಿದೆ. ತಂಗಿ ಡಾಕ್ಟರಿಗೆ ಹೇಳಿದರು, ಫಾದರ್‌ಗೂ ಹೇಳಿದರು. ಫಾದರ್ ಮನೆಗೇ ಬಂದು, ಮಾತ್ರೆ ಮಾಡಿದವನ ಬುದ್ಧಿಯೂ ದೇವರು ಕೊಟ್ಟದ್ದೇ ಅಲ್ವಾ ಟೀಚರ್, ಎಂದು ತಿಳಿಯುವ ಹಾಗೆ ಹೇಳಿದರು. ಅವರು ಹೋದ ಮೇಲೆ ಟೀಚರ್ ತಂಗಿಗೆ ಹೇಳಿದರಂತೆ, "ಫಾದರ್ ಒಳ್ಳೆಯವರು. ಆದರೆ ವಿಶ್ವಾಸ ಕಮ್ಮಿ."

ಮಾತ್ರೆ ಬಿಟ್ಟ ಮೊದಲಿಗೆ ಏನೂ ಆಗಲಿಲ್ಲ. ಈ ಕಾಯಿಲೆಯ ಮೋಸವೇ ಅದು. ಸ್ವಲ್ಪ ಸಮಯ ಎಲ್ಲ ಸರಿಯಾಗಿಯೇ ಇರುತ್ತದೆ. ಟೀಚರ್ ತಮ್ಮ ಲೆಕ್ಕದ ಪ್ರಕಾರ ಸಾಕಷ್ಟು ಕಾದು, ಮೈಕಿನ ಮುಂದೆ ನಿಂತು, ತನಗೆ ಮನಸ್ಸಿನ ಕಾಯಿಲೆ ಇತ್ತು ಎಂದು ಅಷ್ಟು ಜನರ ಎದುರು ಹೇಳಿದರು. ನಮ್ಮ ಊರಿನಲ್ಲಿ ಆ ಮಾತನ್ನು ಮೈಕಿನಲ್ಲಿ ಹೇಳಿದವರು ಬೇರೆ ಯಾರನ್ನೂ ನಾನು ಕಂಡಿಲ್ಲ. ಅಷ್ಟರ ಮಟ್ಟಿಗೆ ಅವರ ಕಾಲಿಗೆ ಬೀಳಬೇಕು. ಈಗ ಮಾತ್ರೆ ಇಲ್ಲ, ಕಾಯಿಲೆಯೂ ಇಲ್ಲ ಎಂದು ಮುಗಿಸಿದರು. ಅದೂ ಆ ದಿನಕ್ಕೆ ನಿಜವೇ ಆಗಿತ್ತು. ಚಪ್ಪಾಳೆ ಬಿತ್ತು.

ಆಮೇಲೆ ದೇವರು ಮಾತಾಡಲು ಸುರುಮಾಡಿದರು.

ಟೀಚರ್ ನಿದ್ದೆ ಬಿಟ್ಟರು. ಬೆಳಕು ಹರಿಯುವ ಮೊದಲೇ ಇಗರ್ಜಿಯ ಮೆಟ್ಟಿಲು ತೊಳೆಯಲಿಕ್ಕೆ ಹೋಗುತ್ತಿದ್ದರು. ಸೀರೆಗಳನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಕೊಟ್ಟರು. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಎದುರೇ, ಒಂದು ಹಿಡಿ ಹೊಸ ರಬ್ಬರುಗಳನ್ನು ಕೌಂಟರಿನ ಮೇಲೆ ಸುರಿದು, "ಎಲ್ಲರಿಗೂ ಕೊಡು, ಎಲ್ಲ ಅಳಿಸಬಹುದು," ಎಂದರು. ಹತ್ತನೆಯ ತರಗತಿಯಲ್ಲಿ ನನಗೆ ಹಬ್ಬವಾಗಿದ್ದದ್ದು ಅವತ್ತು ನೋಡಲಿಕ್ಕಾಗಲಿಲ್ಲ. ಶಟರ್ ಅರ್ಧ ಇಳಿಸಿ, ಅವರನ್ನು ಕೂರಿಸಿ ತಂಗಿಯನ್ನು ಕರೆಸಿದೆ.

ಏರಿದ್ದು ಇಳಿಯಿತು. ಈ ಸಲ ಬಹಳ ಕೆಳಗೆ ಹೋಯಿತು. ಮಂಚ ಬಿಟ್ಟು ಏಳಲಿಲ್ಲ, ಊಟ ಬಿಟ್ಟರು, ನೀರೂ ಕಡಿಮೆಯಾಯಿತು. ತಂಗಿ ಆಸ್ಪತ್ರೆಗೆ ಸೇರಿಸುತ್ತೇನೆಂದಾಗ, ಎಷ್ಟೋ ವರ್ಷ ಮಾತು ಬಿಟ್ಟಿದ್ದ ಅಣ್ಣ ಓಡಿ ಬಂದರು, ಬೇಡ ಎನ್ನಲಿಕ್ಕೆ. ವೀಡಿಯೊ ಎಲ್ಲ ಕಡೆ ಹೋಗಿದೆ, ಈಗ ಆಸ್ಪತ್ರೆಗೆ ಸೇರಿಸಿದರೆ ಜನ ಎಂತ ಹೇಳ್ತಾರೆ ಎಂಬುದು ಅವರ ಚಿಂತೆ. ಬ್ರದರ್‌ಗೆ ಫೋನ್ ಮಾಡಿದರೆ, ಸೈತಾನ ಪರೀಕ್ಷೆ ಮಾಡುತ್ತಿದ್ದಾನೆ, ಗಟ್ಟಿಯಾಗಿ ನಿಲ್ಲಿ ಎಂದರು. ಗಟ್ಟಿಯಾಗಿ ನಿಲ್ಲುವುದಿರಲಿ, ಟೀಚರ್‌ಗೆ ಕೂರಲಿಕ್ಕೂ ಆಗುತ್ತಿರಲಿಲ್ಲ.

ತಂಗಿ ನನ್ನನ್ನು ಕರೆದರು. "ನೀನು ಹೇಳಿದ್ರೆ ಕೇಳ್ಲಿಕ್ಕೂ ಸಾಕು. ನೀನು ಅವಳ ಸ್ಟೂಡೆಂಟ್ ಅಲ್ವಾ?" ಎಂದರು. ನಾನು ಹೋದೆ. ಟೀಚರ್ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೈ ಹಿಡಿದರೆ ಮೂಳೆ ಮಾತ್ರ ಸಿಕ್ಕಿತು. ಅವರದೇ ಮಾತನ್ನು ಅವರಿಗೆ ಹೇಳಿದೆ, "ಟೀಚರ್, ತಪ್ಪಿದ್ರೆ ಗೆರೆ ಎಳೆದು ಕೆಳಗೆ ಸರಿ ಮಾಡಿ ಬರಿ ಅಂತ ನೀವೇ ಹೇಳಿದ್ದು. ಒಂದು ಗೆರೆ ಎಳೀರಿ. ಮಾತ್ರೆ ತಿನ್ನಿ. ಕೆಳಗಿಂದ ಮತ್ತೆ ಸುರು ಮಾಡುವ."

ನಿಧಾನಕ್ಕೆ ನನ್ನ ಕಡೆ ತಿರುಗಿದರು. ಮತ್ತೆ ಸಣ್ಣ ದನಿಯಲ್ಲಿ ಹೇಳಿದರು, "ಕಾಗದದಲ್ಲಿ ಬರೆದದ್ದಕ್ಕೆ ಗೆರೆ ಎಳೀಬಹುದು ಮಾರಾಯ. ಮೈಕಿನಲ್ಲಿ ಹೇಳಿದ್ದಕ್ಕೆ ಎಂತ ಎಳಿಯುದು?"

"ಇನ್ನೊಮ್ಮೆ ಮೈಕಿನಲ್ಲಿ ಹೇಳುವ ಟೀಚರ್. ನಾನೂ ಬರ್ತೇನೆ."

"ಈಗ ಮಾತ್ರೆ ತಿಂದ್ರೆ ನಾನು ಹೇಳಿದ್ದು ಸುಳ್ಳಾಗ್ತದೆ," ಎಂದರು. ಅಷ್ಟೇ. ಮತ್ತೆ ಗೋಡೆಯ ಕಡೆ ತಿರುಗಿದರು. ಅವರ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ಕಾಣುತ್ತಿತ್ತು. ತೋರಿಸಲಿಕ್ಕೆ ಆಗಲಿಲ್ಲ. ಅಳು ಬಂತು, ಅತ್ತೆ. ಕೊನೆಗೆ ತಂಗಿ ಯಾರ ಮಾತೂ ಕೇಳದೆ ಆಂಬುಲೆನ್ಸ್ ಕರೆಸಿದರು. ಆಗ ಶ್ವಾಸಕೋಶಕ್ಕೆ ನಂಜು ಹತ್ತಿತ್ತು, ಮೈಯಲ್ಲಿ ಹೋರಾಡಲು ಏನೂ ಉಳಿದಿರಲಿಲ್ಲ. ಒಂದು ವಾರವೂ ಬದುಕಲಿಲ್ಲ. ಸರ್ಟಿಫಿಕೇಟಿನಲ್ಲಿ ನ್ಯುಮೋನಿಯಾ ಎಂದಿದೆ. ಇಗರ್ಜಿಯಲ್ಲಿ ಹೇಳಿದ್ದು ಆಗಲೇ ತಿಳಿಸಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸತ್ತ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ, ಟೀಚರ್ ಮಾತ್ರ ಸುಮ್ಮನಾಗಲಿಲ್ಲ. ಆ ವೀಡಿಯೊದಲ್ಲಿ ಇನ್ನೂ ಸಾಕ್ಷಿ ಹೇಳುತ್ತಲೇ ಇದ್ದಾರೆ. ಬ್ರದರ್ ಅದನ್ನು ತೆಗೆಯಲಿಲ್ಲ. ತೆಗೆಯಿರಿ ಎಂದು ತಂಗಿ ಕೇಳಿದ್ದಕ್ಕೆ, ಅದರಿಂದ ಎಷ್ಟೋ ಜನರಿಗೆ ವಿಶ್ವಾಸ ಹುಟ್ಟಿದೆ ಎಂದರಂತೆ.

ಕಳೆದ ವಾರ ನನ್ನ ಅಂಗಡಿಗೆ ಒಬ್ಬರು ತಾಯಿ ಬಂದರು. ಕೊಡಿಯಾಲ್‌ಬೈಲ್‌ನ ಒಂದು ಆಫೀಸಿನಲ್ಲಿ ಕೆಲಸ, ಕಾಲೇಜಿಗೆ ಹೋಗುವ ಮಗಳಿಗೆ ಟೀಚರ್ ತಿನ್ನುತ್ತಿದ್ದ ಮಾತ್ರೆಯೇ. ಪ್ರತಿ ತಿಂಗಳು ತಪ್ಪದೆ ಕೊಂಡುಹೋಗುವವರು. ಈ ತಿಂಗಳು ಬೇಡ ಎಂದರು. ಯಾಕೆಂದು ಕೇಳಿದ್ದಕ್ಕೆ ಫೋನ್ ತೆಗೆದು ತೋರಿಸಿದರು. ಹಣೆಯಲ್ಲಿ ಕುಂಕುಮ, ಫೋನಿನಲ್ಲಿ ಹಲ್ಲೆಲೂಯ. ಸೌಹಾರ್ದದ ಬಗ್ಗೆ ನಾನು ಹೇಳಿದ್ದು ಸುಳ್ಳಲ್ಲ.

"ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಬಂದದ್ದು. ನೋಡಿ, ಕಲಿತವರು, ಗಣಿತದ ಟೀಚರ್ ಅಂತೆ. ಎಷ್ಟು ನೀಟಾಗಿ ಹೇಳ್ತಾರೆ. ಸುಳ್ಳು ಹೇಳುವ ಮುಖವಾ ಇದು?"

ಅಲ್ಲ ಎಂದೆ. ಸುಳ್ಳು ಹೇಳುವ ಮುಖ ಅಲ್ಲವೇ ಅಲ್ಲ. "ಆದರೆ ಅಮ್ಮ, ಈ ಟೀಚರ್ ತೀರಿಹೋಗಿದ್ದಾರೆ. ಈ ವರ್ಷವೇ."

"ಹೌದಾ?" ಎಂದರು. ಫೋನ್ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ಪಾಪ. ಆದರೆ ಅದು ಗುಣ ಆಗಿತ್ತಲ್ಲ?"

ನಾನು ಕೌಂಟರಿನಿಂದ ಹೊರಗೆ ಬಂದೆ. ಹೆಸರು ಹೇಳಬಾರದು ಎಂಬ ನನ್ನ ನಿಯಮ ಅಲ್ಲಿಯೇ ಮುರಿಯಿತು. ಹಿಂದೆ ಜನ ಕಾಯುತ್ತಿದ್ದರು, ಕಾಯಲಿ ಎಂದು ಬಿಟ್ಟೆ. ರಬ್ಬರಿನ ಡಬ್ಬಿಯಿಂದ ಹಿಡಿದು ಗೋಡೆಗೆ ತಿರುಗಿದ ಮುಖದವರೆಗೆ, ಒಂದನ್ನೂ ಬಿಡದೆ ಹೇಳಿದೆ. ಅವರು ಕೇಳಿದರು. ನಡುವೆ ಒಮ್ಮೆ ಫೋನ್ ಚೀಲಕ್ಕೆ ಹಾಕಿದರು, ಮತ್ತೆ ತೆಗೆದರು. ಎಲ್ಲ ಮುಗಿದ ಮೇಲೆ, "ಒಂದು ಸ್ಟ್ರಿಪ್ ಕೊಡಿ. ನೋಡುವ," ಎಂದರು. ತಿಂಗಳಿಗಾಗುವಷ್ಟು ಕೊಡುತ್ತೇನೆಂದೆ. ಬೇಡ, ಒಂದು ಸಾಕು ಎಂದರು.

ಉಳಿದ ಸ್ಟ್ರಿಪ್ಪುಗಳನ್ನು ಅವರಿಗೆಂದು ಬೇರೆ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ. ಕೊಟ್ಟದ್ದು ನಿನ್ನೆಗೆ ಮುಗಿದಿರಬೇಕು. ಇವತ್ತು ಬೆಳಿಗ್ಗೆಯಿಂದ ಅಂಗಡಿಯಲ್ಲಿ ಕೂತು, ಗಿರಾಕಿಗಳ ನಡುವೆ ಇದನ್ನು ಬರೆಯುತ್ತಿದ್ದೇನೆ. ಪೆನ್ನಿನಲ್ಲೇ, ಟೀಚರ್, ತಪ್ಪಿದಲ್ಲಿ ಗೆರೆ ಎಳೆದಿದ್ದೇನೆ. ಕೌಂಟರಿಗೆ ಯಾರು ಬಂದು ನಿಂತರೂ ತಲೆ ಎತ್ತಿ ನೋಡುತ್ತೇನೆ. ಆ ತಾಯಿ ಇನ್ನೂ ಬಂದಿಲ್ಲ.